ಮಿಲಿಟರಿ ಅಕ್ಕಿ ತಿಂದ ಕೋಳಿಗಳು

18 ಜೂನ್ 2024, ಮಂಗಳವಾರ
ಉಡುಪಿ

ಫಸ್ಟ್ ಪಿಯು ಮಕ್ಕಳಿಗೆ ಇವತ್ತು ವೈಜ್ಞಾನಿಕ ವಿಧಾನ ಅಂದರೇನು ಅಂತ ಹೇಳಬೇಕಿತ್ತು. ಗೈಡಿನಲ್ಲಿ ಇದಕ್ಕೆ ನಾಲ್ಕು ಚೌಕ, ಮಧ್ಯೆ ಬಾಣ. ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ. ಹಾಗೇ ಬರೆದರೆ ಮಾರ್ಕ್ಸ್ ಸಿಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ 'ಇದಕ್ಕೆ ಬೇರೆ ಏನಾದರೂ ಕಾರಣ ಇರಬಹುದಾ?' ಅನ್ನೋ ಪ್ರಶ್ನೆಗೆ ಆ ಚಿತ್ರದಲ್ಲಿ ಎಲ್ಲೂ ಜಾಗ ಇಲ್ಲ. ನನ್ನ ಪ್ರಕಾರ ಅರ್ಧ ವಿಜ್ಞಾನ ಇರುವುದೇ ಆ ಪ್ರಶ್ನೆಯಲ್ಲಿ. ಬೋರ್ಡ್ ಒರೆಸಿ ಡಚ್ ವೈದ್ಯ ಐಕ್‌ಮನ್‌ನ ಕೋಳಿಗಳ ಕಥೆ ಶುರು ಮಾಡಿದೆ.

ಊರು ಬಟಾವಿಯಾ, ಇವತ್ತಿನ ಜಕಾರ್ತ. ಆಗ ಜಾವಾ ಡಚ್ಚರ ಕೈಯಲ್ಲಿತ್ತು. ಸೈನಿಕರಿಗೆ, ಜೈಲಿನಲ್ಲಿದ್ದವರಿಗೆ ಬೆರಿಬೆರಿ ಕಾಟ. ಕಾಲು ಜೋಮು ಹಿಡಿಯುವುದು, ನಡೆಯಲು ಆಗದಿರುವುದು, ಕೊನೆಗೆ ಹೃದಯ ಸೋಲುವುದು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದು ಇನ್ನೂ ಜಾಸ್ತಿ ವರ್ಷ ಆಗಿರಲಿಲ್ಲ. ಯಾವ ಕಾಯಿಲೆ ಬಂದರೂ ಎಲ್ಲರೂ ಮೊದಲು ರೋಗಾಣು ಹುಡುಕುವ ಕಾಲ ಅದು. 1886ರಲ್ಲಿ ಬಂದ ಡಚ್ ತಂಡವೂ ಅದನ್ನೇ ಹುಡುಕಿತು. ಉಳಿದವರು ವಾಪಸ್ ಹೋದರು, ಕ್ರಿಶ್ಚಿಯಾನ್ ಐಕ್‌ಮನ್ ಅಲ್ಲಿನ ಪ್ರಯೋಗಾಲಯ ನೋಡಿಕೊಂಡು ಉಳಿದ.

ಆತ ಕೋಳಿಗಳಿಗೆ ಸೋಂಕು ಚುಚ್ಚಿ ನೋಡಿದ. ಕೋಳಿಗಳ ಕಾಲು ತಡವರಿಸತೊಡಗಿತು. ಆಮೇಲೆ ನಿಲ್ಲಲೂ ಆಗದೆ ಬಿದ್ದವು. ಗೆದ್ದೆ ಅಂದುಕೊಳ್ಳಬೇಕು, ಅಷ್ಟರಲ್ಲಿ ಏನೂ ಚುಚ್ಚದೆ ಬಿಟ್ಟಿದ್ದ ಕೋಳಿಗಳೂ ಹಾಗೇ ಬಿದ್ದವು.

"ಈಗ ಏನು ಹೇಳ್ತೀರಿ?" ಅಂತ ಕೇಳಿದೆ.

"ಒಂದರಿಂದ ಇನ್ನೊಂದಕ್ಕೆ ಹರಡಿದೆ ಮೇಡಂ," ಅಂದಳು ಮುಂದಿನ ಬೆಂಚಿನವಳು. ಒಳ್ಳೆ ಉತ್ತರ. ಐಕ್‌ಮನ್‌ಗೂ ಅದೇ ಹೊಳೆದಿದ್ದು. ಬೇರೆ ಬೇರೆ ಇಟ್ಟ, ಆದರೂ ಕಾಯಿಲೆ ಬಂತು. ಆಮೇಲೆ ಒಂದು ದಿನ ಕಾಯಿಲೆ ತಾನಾಗಿ ಮಾಯ! ಹೊಸದಾಗಿ ಯಾವ ಕೋಳಿಗೂ ಬರಲಿಲ್ಲ, ಬಿದ್ದಿದ್ದವು ಎದ್ದು ಓಡಾಡಿದವು.

ಇಲ್ಲಿ ನಿಲ್ಲಿಸಿ, ಏನೇನು ಬದಲಾಗಿರಬಹುದು ಅಂತ ಹುಡುಗರಿಂದಲೇ ಪಟ್ಟಿ ಮಾಡಿಸಿದೆ. ಹವಾ, ನೀರು, ಗೂಡು, ನೋಡಿಕೊಳ್ಳುವ ಆಳು. ಹಿಂದಿನ ಬೆಂಚಿನಿಂದ "ಊಟ" ಅಂತ ಒಂದು ದನಿ ಬಂತು. ಸುಮ್ನೆ ತಮಾಷೆಗೆ ಹೇಳಿದ್ದು, ಸರಿಯಾಗೇ ಇತ್ತು. ಕೋಳಿ ನೋಡಿಕೊಳ್ಳುವವನು ಖರ್ಚು ಉಳಿಸಲು ಕೆಲವು ತಿಂಗಳು ಮಿಲಿಟರಿ ಆಸ್ಪತ್ರೆ ಅಡುಗೆಮನೆಯ ಅನ್ನ ತಂದು ಹಾಕುತ್ತಿದ್ದ. ಬಿಳಿ ಪಾಲಿಶ್ ಅಕ್ಕಿಯ ಅನ್ನ. ಅಷ್ಟರಲ್ಲಿ ಹೊಸ ಅಡುಗೆಯವನು ಬಂದ. ಮಿಲಿಟರಿ ಅಕ್ಕಿ ಸಿವಿಲ್ ಕೋಳಿಗಳಿಗೆ ಕೊಡೋಕಾಗಲ್ಲ ಅಂದುಬಿಟ್ಟ! ಕ್ಲಾಸ್ ನಕ್ಕಿತು. ಸರ್ಕಾರಿ ರೂಲ್ಸಿನಿಂದ ವಿಜ್ಞಾನಕ್ಕೆ ಇಷ್ಟು ಉಪಕಾರ ಆಗಿದ್ದು ನನಗಂತೂ ಬೇರೆಲ್ಲೂ ಗೊತ್ತಿಲ್ಲ.

ಅನ್ನ ಅಂತ ಗೊತ್ತಾದರೂ ಮುಗಿಯಲಿಲ್ಲ. ಅನ್ನದಲ್ಲಿ ಏನು? ಬೇಯಿಸಿದ್ದಕ್ಕಾ? ಹಸಿ ಪಾಲಿಶ್ ಅಕ್ಕಿ ಹಾಕಿದರೂ ಕಾಯಿಲೆ ಬಂತು. ತೌಡು ಹೋಗದ ಅಕ್ಕಿ ಹಾಕಿದರೆ ಬರಲಿಲ್ಲ. ಪಾಲಿಶ್ ಅಕ್ಕಿಯ ಜೊತೆ ತೌಡು ಕೊಟ್ಟರೆ ಕೋಳಿ ಹುಷಾರಾಯಿತು. ಒಂದೊಂದೇ ಕಾರಣವನ್ನು ಪಕ್ಕಕ್ಕೆ ಸರಿಸುತ್ತಾ ಹೋಗುವ ಈ ತಾಳ್ಮೆ ಇದೆಯಲ್ಲ, ಅದನ್ನು ಬಾಣದ ಗುರುತಿನಲ್ಲಿ ತೋರಿಸೋದು ಹೇಗೆ?

ಕೋಳಿ ಸರಿ, ಮನುಷ್ಯರ ಕಥೆ ಏನು? ಜಾವಾದ ಜೈಲುಗಳಲ್ಲಿ ಆಯಾ ಪ್ರದೇಶದ ರೂಢಿಯಂತೆ ಕೆಲವು ಕಡೆ ಬಿಳಿ ಅಕ್ಕಿ, ಕೆಲವು ಕಡೆ ತೌಡಿರುವ ಅಕ್ಕಿ. ಆರೋಗ್ಯ ಇಲಾಖೆಯ ಫೋರ್ಡರ್‌ಮನ್ 100ಕ್ಕೂ ಹೆಚ್ಚು ಜೈಲುಗಳ ಲೆಕ್ಕ ತೆಗೆದ. ಬಿಳಿ ಅಕ್ಕಿಯ ಜೈಲುಗಳಲ್ಲಿ ಸುಮಾರು 39 ಜನಕ್ಕೆ ಒಬ್ಬರಿಗೆ ಬೆರಿಬೆರಿ. ತೌಡಿರುವ ಅಕ್ಕಿಯ ಜೈಲುಗಳಲ್ಲಿ ಸುಮಾರು 10,000 ಜನಕ್ಕೆ ಒಬ್ಬರು. ಕಟ್ಟಡ ಹಳೆಯದಾ, ಗಾಳಿ ಬರುತ್ತದಾ, ಜನ ಕಿಕ್ಕಿರಿದಿದ್ದಾರಾ ಅಂತಲೂ ನೋಡಿದ. ಅವು ಯಾವುದಕ್ಕೂ ಕಾಯಿಲೆಗೂ ಸಂಬಂಧ ಕಾಣಲಿಲ್ಲ.

ನನಗೆ ತುಂಬಾ ಇಷ್ಟವಾಗುವ ಭಾಗ ಇದರ ನಂತರದ್ದು. ಇಷ್ಟೆಲ್ಲ ಸರಿಯಾಗಿ ಮಾಡಿದ ಐಕ್‌ಮನ್ ಅರ್ಥ ಮಾಡಿಕೊಂಡಿದ್ದು ತಪ್ಪು. ಅಕ್ಕಿಯ ಪಿಷ್ಟದಲ್ಲಿ ವಿಷ ಇದೆ, ತೌಡು ಅದಕ್ಕೆ ಮದ್ದು ಅಂದುಕೊಂಡಿದ್ದ. ಅವನ ನಂತರ ಬಂದ ಗ್ರೈನ್ಸ್, ಪಿಷ್ಟವೇ ಇಲ್ಲದ ಮಾಂಸವನ್ನು ಆಟೋಕ್ಲೇವ್‌ನಲ್ಲಿ, ಅಂದರೆ ದೊಡ್ಡ ಪ್ರೆಶರ್ ಕುಕ್ಕರ್ ತರಹದ್ದರಲ್ಲಿ, ಕಾಯಿಸಿ ಕೋಳಿಗೆ ಹಾಕಿದ. ಕಾಯಿಲೆ ಬಂತು! ಪಿಷ್ಟ ಇಲ್ಲ ಅಂದಮೇಲೆ ಪಿಷ್ಟದ ವಿಷ ಎಲ್ಲಿಂದ ಬರಬೇಕು? ಹೆಸರುಕಾಳು ಕೊಟ್ಟರೆ ಕಾಯಿಲೆ ತಪ್ಪುತ್ತಿತ್ತು. ಊಟದಲ್ಲಿ ಬೇಕಾದದ್ದೇನೋ ಇಲ್ಲ ಅಂತ 1901ರಲ್ಲಿ ಹೇಳಿದ್ದು ಗ್ರೈನ್ಸ್. 1929ರ ನೊಬೆಲ್ ಹಂಚಿಕೊಂಡಿದ್ದು ಮಾತ್ರ ಐಕ್‌ಮನ್ ಮತ್ತು ಇಂಗ್ಲೆಂಡಿನ ವಿಜ್ಞಾನಿ ಹಾಪ್‌ಕಿನ್ಸ್. ಗ್ರೈನ್ಸ್‌ಗೆ ಏನೂ ಇಲ್ಲ. ನನಗೆ ಇವತ್ತಿಗೂ ಇದು ಸರಿ ಅನ್ನಿಸುವುದಿಲ್ಲ.

ಊಟದಲ್ಲಿ ಇಲ್ಲದಿದ್ದ ಆ ವಸ್ತು ಥಯಾಮಿನ್, ಅಂದರೆ ವಿಟಮಿನ್ ಬಿ1. ಗ್ಲೂಕೋಸ್ ಒಡೆದು ಬಂದ ಪೈರುವೇಟ್ ಮುಂದಿನ ಹಂತಕ್ಕೆ ಹೋಗಬೇಕಾದರೆ ಇದು ಬೇಕು. ನರಕ್ಕೂ ಹೃದಯಕ್ಕೂ ಶಕ್ತಿ ಒಂದು ಗಳಿಗೆಯೂ ನಿಲ್ಲುವ ಹಾಗಿಲ್ಲ, ಪೆಟ್ಟು ಅಲ್ಲಿಗೇ ಬೀಳುತ್ತದೆ. ಉಸಿರಾಟದ ಪಾಠ ಬಂದಾಗ ಇದನ್ನು ಮತ್ತೆ ನೆನಪಿಸಬೇಕು. ನಮ್ಮ ಕಡೆ ಮಕ್ಕಳು ತಾನೇ, "ಕುಚ್ಚಲಕ್ಕಿ?" ಅಂತ ಕೇಳಿಯೇ ಕೇಳಿದರು. ಭತ್ತ ಬೇಯಿಸುವಾಗ ಹೊರಗಿನ ಬಿ1 ಕಾಳಿನೊಳಗೆ ಇಳಿಯುತ್ತದೆ, ಆಮೇಲೆ ಮಿಲ್ ಮಾಡಿಸಿದರೂ ಸಾಕಷ್ಟು ಉಳಿಯುತ್ತದೆ ಅಂದೆ. ಮನೆಯಲ್ಲಿ ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ಉಣ್ಣುವವನೊಬ್ಬನ ಮುಖ ಸಣ್ಣಗಾಯಿತು. ದಾಲ್ ತಿಂತೀಯಲ್ವಾ, ಏನೂ ಆಗಲ್ಲ ಮಾರಾಯ ಅಂದೆ.

ಬೆಲ್ ಹೊಡೆಯುವ ಹೊತ್ತಿಗೆ ಕಿಟಕಿ ಪಕ್ಕದ ಹುಡುಗಿ ಕೇಳಿದಳು. "ಮೇಡಂ, 39 ಜನಕ್ಕೆ ಒಬ್ಬರು ಅಂದರೆ, ಅದೇ ಅಕ್ಕಿ ತಿಂದ ಉಳಿದ 38 ಜನಕ್ಕೆ ಯಾಕೆ ಬರಲಿಲ್ಲ?"

ಅನ್ನದ ಜೊತೆ ಕಾಳು ಸಿಕ್ಕಿರಬಹುದು. ದೇಹದಲ್ಲಿ ಬಿ1 ಕೆಲವು ವಾರಕ್ಕೆ ಆಗುವಷ್ಟು ಇರುತ್ತದೆ, ಅಷ್ಟರಲ್ಲಿ ಬಿಡುಗಡೆ ಆಗಿರಬಹುದು. ಉತ್ತರ ನಾನು ಹೇಳಲಿಲ್ಲ. ಇವನ್ನು ಒಂದರಿಂದ ಒಂದು ಬೇರ್ಪಡಿಸಬೇಕಾದರೆ ಜೈಲಿನ ರಿಜಿಸ್ಟರಿನಲ್ಲಿ ಏನೇನು ಹುಡುಕಬೇಕು ಅಂತ ನಾಳೆ ಬರೆದುಕೊಂಡು ಬರಲು ಹೇಳಿದ್ದೇನೆ.