ಕಾರವಾರದಿಂದ ಅಣಶಿ ಘಾಟಿ ಹತ್ತಿ ಉಳವಿಗೆ: ಹೊರಡುವವರಿಗೆ ಒಂದಿಷ್ಟು ಮಾತು

ಅಣಶಿ ಕಡೆ ಹೋಗುವ ಮನಸ್ಸಿದ್ದರೆ ಬೆಳಗಿನ ಜಾವವೇ ಹೊರಡಿ. ಆದರೆ ತೀರಾ ಬೇಗ ಬೇಡ. ಕತ್ತಲಲ್ಲಿ ಘಾಟಿ ಹತ್ತಿದರೆ ಕಾಡೂ ಕಾಣುವುದಿಲ್ಲ, ರಸ್ತೆ ದಾಟುವ ಪ್ರಾಣಿಗೂ ನಮಗೂ ಅಪಾಯ. ಬಿಸಿಲೇರಿದ ಮೇಲೆ ಹೋದರೆ ಬರೀ ರಸ್ತೆ ನೋಡಿಕೊಂಡು ಬಂದ ಹಾಗೆ. ಬೆಳಕು ಹರಿಯುವ ಹೊತ್ತಿಗೆ ಘಾಟಿಯ ಬುಡದಲ್ಲಿರಬೇಕು, ಅಷ್ಟೇ ಲೆಕ್ಕ.

ನಾವು ಹೋದದ್ದು ಡಿಸೆಂಬರಿನಲ್ಲಿ. ಕಾರವಾರ ಬಿಟ್ಟಾಗ ಐದೂವರೆ. ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡದಲ್ಲಿ ಬಲಕ್ಕೆ ತಿರುಗಿದರೆ ಕದ್ರಾ ದಾರಿ. ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆಯಲ್ಲೇ ಓಡಾಡುತ್ತಿತ್ತು. ಅಷ್ಟು ಬೆಳಿಗ್ಗೆ ಲಾರಿಗಳ ಸಾಲು ಸಿಕ್ಕರೆ ಸ್ವಲ್ಪ ತಾಳ್ಮೆ ಬೇಕು. ಪೆಟ್ರೋಲ್ ಹಿಂದಿನ ದಿನವೇ ಹಾಕಿಸಿಟ್ಟುಕೊಳ್ಳಿ. ಮುಂದೆ ಎಲ್ಲಾದರೂ ಸಿಗುತ್ತದೆ ಅಂತ ನಂಬಿ ಹೊರಡುವ ದಾರಿ ಇದಲ್ಲ. ನೀರು, ತಿಂಡಿ, ನೋಟು ಜೊತೆಗಿರಲಿ. ಘಾಟಿ ಶುರುವಾದ ಮೇಲೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ಫೋನಿನಲ್ಲೇ ದುಡ್ಡು ಕೊಡುತ್ತೇನೆ ಅಂದರೆ ಚಹಾ ಕೂಡ ಸಿಗದಿರಬಹುದು.

ಕದ್ರಾ ತನಕ ರಸ್ತೆ ಹೆಚ್ಚುಕಮ್ಮಿ ನದಿಯ ಜೊತೆಗೇ. ಅಲ್ಲಿಂದ ಮುಂದೆ ಏರು, ತಿರುವು, ಎರಡೂ ಕಡೆ ದಟ್ಟ ಕಾಡು. ನಮ್ಮ ಭಾವ ಜೋಯಿಡಾ ಕಡೆಯವರು, ಗಾಡಿ ಅವರ ಕೈಯಲ್ಲಿತ್ತು. ಮಂಜು ದಪ್ಪಗಿದ್ದರೂ ಹೆಡ್‌ಲೈಟ್ ಡಿಪ್‌ನಲ್ಲೇ ಇಟ್ಟಿದ್ದರು. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಂದು ತಿರುವಿನಲ್ಲಿ ಅವರು ಸುಮ್ನೆ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ರಸ್ತೆಯಂಚಿನಲ್ಲಿ ಒಂಟಿ ಕಾಡುಕೋಣ. ಮೈ ಕಪ್ಪು, ಮೊಣಕಾಲಿನಿಂದ ಕೆಳಗೆ ಬೆಳ್ಳಗೆ ಕಾಲುಚೀಲ ಹಾಕಿದಂತೆ. ಮೂಗಿನಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ನನ್ನ ಮಗ ಕಿಟಕಿ ಇಳಿಸಲು ಹೋದ. ಭಾವ ಕೈ ಹಿಡಿದು, "ಬೇಡ ತಮಾ, ಹಾರ್ನೂ ಬೇಡ, ಮಾತೂ ಬೇಡ. ಅದರ ಪಾಡಿಗೆ ಅದು ಹೋಗ್ತದೆ" ಅಂದರು. ಅದು ನಮ್ಮನ್ನೇ ನೋಡುತ್ತಾ ನಿಂತಿತು, ಆಮೇಲೆ ಇಳಿಜಾರಿಗೆ ಇಳಿಯಿತು. ಅಷ್ಟು ದೊಡ್ಡ ಪ್ರಾಣಿ ಇಳಿದರೂ ಒಂದು ಕೊಂಬೆ ಮುರಿದ ಸದ್ದಿಲ್ಲ.

ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಣಶಿ ರಾಷ್ಟ್ರೀಯ ಉದ್ಯಾನ, ದಾಂಡೇಲಿ ಅಭಯಾರಣ್ಯ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಕಾಳಿಯ ಹೆಸರು ಬಂದದ್ದು 2015ರಲ್ಲಿ. ಕಪ್ಪು ಚಿರತೆಗೂ ಈ ಕಾಡು ಹೆಸರುವಾಸಿ. ಅದನ್ನು ನೋಡಲೇಬೇಕು ಅಂತ ಹೋದರೆ ನಿರಾಸೆಯೇ ಗ್ಯಾರಂಟಿ. ಮಂಗಟ್ಟೆ ಹಕ್ಕಿ ಸಿಗುವ ಸಾಧ್ಯತೆ ಜಾಸ್ತಿ. ಮೊದಲು ಕೇಳುವುದು ರೆಕ್ಕೆಯ ಸದ್ದು, ಆಮೇಲೆ ಹಕ್ಕಿ ಕಾಣುತ್ತದೆ. ಹಣ್ಣು ಬಿಟ್ಟ ಆಲ, ಅತ್ತಿ ಮರ ಕಂಡರೆ ಮೇಲೆ ನೋಡಿ. ಆದರೆ ಗಾಡಿ ನಿಲ್ಲಿಸಿ ಕಾಡೊಳಗೆ ನುಗ್ಗಬೇಡಿ, ಮಂಗಗಳಿಗೆ ಬಿಸ್ಕತ್ತು ಎಸೆಯಬೇಡಿ. ಆಸೆಗೆ ಅವು ರಸ್ತೆಗೇ ಬಂದು ಕೂರುತ್ತವೆ, ಚಕ್ರಕ್ಕೆ ಸಿಕ್ಕು ಸಾಯುತ್ತವೆ. ಅಂಥದ್ದೊಂದು ಮರಿಯನ್ನು ನಾವು ಈ ದಾರಿಯಲ್ಲೇ ಕಂಡೆವು. ಮನಸ್ಸು ಕೆಟ್ಟುಹೋಯಿತು.

ಅಣಶಿ ದಾಟಿ ಕುಂಬಾರವಾಡಾಕ್ಕೆ ಬಂದರೆ ಚಹಾ. ಇಲ್ಲಿಂದ ಒಂದು ದಾರಿ ಜೋಯಿಡಾ, ದಾಂಡೇಲಿ ಕಡೆಗೆ, ಇನ್ನೊಂದು ಉಳವಿಗೆ. ಉಳವಿ ದಾರಿ ಕಿರಿದು. ಎದುರಿಗೆ ಬಸ್ ಬಂದರೆ ಪಕ್ಕಕ್ಕೆ ಸರಿಯಲು ಜಾಗ ಹುಡುಕಬೇಕು, ಅದಕ್ಕೇ ನಿಧಾನ. ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ. ಜಾತ್ರೆ ನೋಡಬೇಕು ಅಂತಲೇ ಹೋಗುವವರಿಗೆ ಅದು ಸುಗ್ಗಿ. ಕಾಡಿನ ಮೌನ ಬೇಕಾದವರು ಆ ವಾರ ಬಿಟ್ಟು ಬೇರೆ ದಿನ ನೋಡಿಕೊಳ್ಳಿ.

ಮಳೆಗಾಲದಲ್ಲಿ ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಸಿರು ಆಗಲೇ ಚೆಂದ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಘಾಟಿಯಲ್ಲಿ ಧರೆ ಕುಸಿಯುವ ಭಯ ಇದ್ದೇ ಇದೆ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗಿನ ಊರುಗಳಿಗೆ ನುಗ್ಗುತ್ತದೆ, 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಉಂಬಳದ ಕಾಟ ಬೇರೆ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ ಸರಿ. ಮಳೆಗಾಲದಲ್ಲೇ ಹೋಗುವುದಾದರೆ ಹಿಂದಿನ ದಿನ ಆ ಕಡೆಯವರಿಗೆ ಒಂದು ಫೋನ್ ಮಾಡಿ, ರಸ್ತೆ ತೆರೆದಿದೆಯಾ ಕೇಳಿಕೊಂಡೇ ಹೊರಡಿ.

ವಾಪಸ್ ಇದೇ ದಾರಿಯಲ್ಲಿ ಕಾರವಾರಕ್ಕೆ ಇಳಿಯುವವರು ಮಧ್ಯಾಹ್ನ ಮೂರಕ್ಕೆಲ್ಲ ಉಳವಿ ಬಿಡಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಬರೀ ಬ್ರೇಕ್ ತುಳಿದುಕೊಂಡು ಬಂದರೆ ಕಾಯ್ದು ಹಿಡಿತ ತಪ್ಪುತ್ತದೆ. ಏರಿ ಬರುವವರಿಗೆ ಮೊದಲು ದಾರಿ ಬಿಡಿ. ಹೊತ್ತು ಮೀರಿತು ಅನ್ನಿಸಿದರೆ ಘಾಟಿ ಇಳಿಯುವ ಹಟ ಬೇಡ. ಜೋಯಿಡಾ ಅಥವಾ ದಾಂಡೇಲಿಯಲ್ಲಿ ಉಳಿದು ಮರುದಿನ ಬೆಳಿಗ್ಗೆ ಇಳಿಯಿರಿ.