ಮಗುವಿಗೆ ಅದರದ್ದೇ ಗೆರೆ

ಮೊನ್ನೆ ಸ್ನಾನ ಮಾಡಿಸಿ ಮಗಳಿಗೆ ಟವೆಲ್ ಸುತ್ತುತ್ತಿದ್ದೆ. ಅವಳು ತನ್ನ ಎಡತೋಳನ್ನು ಬಲಗೈಯಲ್ಲಿ ಹಿಡಿದು, "ಅಮ್ಮ, ನಾನು ಸಪೂರ" ಅಂದಳು. ಎರಡೂವರೆ ವರ್ಷದ ಮಗು. ನನಗೆ ಕರುಳು ಹಿಂಡಿದ ಹಾಗಾಯ್ತು.

ಇದು ಎಲ್ಲಿಂದ ಬಂತು ಅಂತ ಹುಡುಕಬೇಕಾಗಿರಲಿಲ್ಲ. ಭಾನುವಾರ ಉಡುಪಿಗೆ ವಿಡಿಯೋ ಕಾಲ್ ಮಾಡಿದರೆ ಆ ಕಡೆಯಿಂದ ಮೊದಲ ಮಾತೇ ಅದು. "ಎಂತ ಮಾರಾಯ್ತಿ, ಮಗು ಇಷ್ಟು ಸಪೂರ ಆಗಿದೆ? ಎಂತದೂ ತಿನ್ನುವುದಿಲ್ವಾ?" ದೊಡ್ಡಮ್ಮ ಕೇಳುತ್ತಾರೆ, ಚಿಕ್ಕಮ್ಮ ಕೇಳುತ್ತಾರೆ, ಪಕ್ಕದ ಮನೆಯವರು ಇಣುಕಿ ತುಳುವಿನಲ್ಲಿ ಅದನ್ನೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಅದು ನನಗೂ ಗೊತ್ತು. ಆದರೆ ಮಗು ನನ್ನ ತೊಡೆಯ ಮೇಲೆಯೇ ಕೂತಿರುತ್ತದೆ, ಕಿವಿ ಕೇಳುತ್ತದೆ.

ಇಲ್ಲಿ ಇಂಗ್ಲೆಂಡಿನಲ್ಲಿ ಮಗು ಹುಟ್ಟಿದಾಗ ಒಂದು ಕೆಂಪು ಪುಸ್ತಕ ಕೊಡುತ್ತಾರೆ. ನಮ್ಮ ತಾಯಿ ಕಾರ್ಡ್ ಇದ್ದ ಹಾಗೆ. ಎರಡು ವರ್ಷ ದಾಟಿದ ಮೇಲಿನ ತಪಾಸಣೆಗೆ ಹೋದಾಗ ಹೆಲ್ತ್ ವಿಸಿಟರ್, ಅಂದರೆ ಪುಟ್ಟ ಮಕ್ಕಳ ಬೆಳವಣಿಗೆ ನೋಡಿಕೊಳ್ಳುವ ನರ್ಸ್, ಮಗಳ ತೂಕ, ಎತ್ತರ ನೋಡಿ ಅದರಲ್ಲಿರುವ ನಕ್ಷೆಯಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟರು. ಮಗಳ ತೂಕದ ಚುಕ್ಕಿ ಕೆಳಗಿನಿಂದ ಮೂರನೇ ಗೆರೆಯ ಮೇಲೆ ಬಿತ್ತು. ಅವಳ ವಯಸ್ಸಿನ ನೂರು ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 9 ಮಕ್ಕಳು ಅವಳಿಗಿಂತ ಹಗುರ ಇರುತ್ತಾರೆ ಅಂತ ಅರ್ಥ. ಆಕೆ ಹಳೆಯ ಚುಕ್ಕಿಗಳ ಮೇಲೆ ಬೆರಳಾಡಿಸಿ ತೋರಿಸಿದರು. ಎಲ್ಲವೂ ಅದೇ ಗೆರೆಯ ಆಸುಪಾಸಿನಲ್ಲೇ ಇದ್ದವು. ಗೆರೆಗಳನ್ನು ದಾಟಿ ಕೆಳಗೆ ಇಳಿಯುತ್ತಾ ಹೋದರೆ ನೋಡಬೇಕು, ಇವಳು ತನ್ನ ಗೆರೆ ಹಿಡಿದು ಬೆಳೆಯುತ್ತಿದ್ದಾಳೆ, ಚೆನ್ನಾಗಿದ್ದಾಳೆ ಅಂದರು.

"ಅದೆಲ್ಲ ಬಿಳಿಯರ ಮಕ್ಕಳ ಲೆಕ್ಕ" ಅಂತ ದೊಡ್ಡಪ್ಪ ಹೇಳಿದ್ದುಂಟು. ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಆ ಗೆರೆಗಳಿಗೆ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳ ಜೊತೆ ನಮ್ಮ ದಕ್ಷಿಣ ದೆಹಲಿಯ ಮಕ್ಕಳನ್ನೂ ಅಳೆದಿದ್ದಾರೆ. ಎದೆಹಾಲು, ಒಳ್ಳೆಯ ಊಟ, ಆರೈಕೆ ಸಿಕ್ಕಿದರೆ ಐದು ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಅಂತ ಆಗ ಗೊತ್ತಾಯ್ತು. ಊರಿನ ಅಂಗನವಾಡಿಯಲ್ಲಿ ಮಗುವಿನ ತೂಕ ಗುರುತಿಸುವುದೂ ಈ ಲೆಕ್ಕದಲ್ಲೇ.

ತೂಕ ಬಿಟ್ಟು ಬೇರೆ ಎಷ್ಟೆಲ್ಲ ಬೆಳೆದಿದ್ದಾಳೆ ಅವಳು! ತನ್ನ ಶೂ ತಾನೇ ಹಾಕಿಕೊಳ್ಳುತ್ತಾಳೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಾಲಿಗೆ ತುದಿ ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಆ ಪಟ್ಟಿಯನ್ನು ಎಳೆದು ಅಂಟಿಸುತ್ತಾಳೆ. ಸಹಾಯಕ್ಕೆ ಹೋದರೆ ಕೈ ತಳ್ಳುತ್ತಾಳೆ. "ಅಪ್ಪನ ಶೂ ಎಲ್ಲಿ ಉಂಟು?" ಅಂತ ಪೂರ್ತಿ ವಾಕ್ಯದಲ್ಲಿ ಕೇಳುತ್ತಾಳೆ. ಇದನ್ನು ಭಾನುವಾರ ಯಾರೂ ಕೇಳುವುದಿಲ್ಲ.

ಇಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಕೇಳುತ್ತಾರೆ. ಬೇಲಿಯ ಹತ್ತಿರ ಬಗ್ಗಿ ನಿಂತು, ಇವತ್ತು ಏನು ಮಾಡಿದೆ ಅಂತ ಅವಳನ್ನೇ ಕೇಳಿ ಸುಮ್ನೆ ಕಾಯುತ್ತಾರೆ. ಇವಳು ಆಕಾಶ ನೋಡುತ್ತಾಳೆ, ನೆಲ ನೋಡುತ್ತಾಳೆ. ಆಮೇಲೆ "ಡಕ್" ಅನ್ನುತ್ತಾಳೆ. ಎಷ್ಟು ಬಾತುಕೋಳಿ, ಏನು ಮಾಡುತ್ತಿದ್ದವು ಅಂತ ಅಜ್ಜಿ ಮತ್ತೆ ಕೇಳಿ ಮತ್ತೆ ಕಾಯುತ್ತಾರೆ. ನಮ್ಮಲ್ಲಿ ಮಗು ಬಾಯಿ ತೆರೆಯುವ ಮೊದಲೇ ಸುತ್ತಲಿದ್ದವರೆಲ್ಲ ಉತ್ತರ ಕೊಟ್ಟಾಗಿರುತ್ತದೆ, ಅಲ್ವಾ?

ಹಾಗಂತ ಊರು ಕೊಟ್ಟದ್ದನ್ನು ಇಲ್ಲ ಅನ್ನಲಾರೆ. ಕಳೆದ ವರ್ಷ ಕಲ್ಯಾಣಪುರದ ಮನೆಯಂಗಳದಲ್ಲಿ ಅವಳು ನೆಲಕ್ಕೆ ಇಳಿಯುತ್ತಿದ್ದದ್ದೇ ಅಪರೂಪ. ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟುತ್ತಲೇ ಹೊಸ ಹೊಸ ಮಾತು ಕಲಿತಳು. ಇಲ್ಲಿ ಹಗಲಿಡೀ ಅವಳಿಗೆ ನಾನೊಬ್ಬಳೇ. ಅಷ್ಟು ಜನ ಎಲ್ಲಿಂದ ತರಲಿ?

ಆದರೂ ಆ ತೋಳು ಹಿಡಿದು ನೋಡುವುದು ನನ್ನನ್ನು ಬಿಡುತ್ತಿಲ್ಲ. ಮದುವೆ ಮನೆಗಳಲ್ಲಿ ನೆಂಟರು ಹೆಬ್ಬೆರಳು, ತೋರುಬೆರಳು ಸೇರಿಸಿ ನನ್ನ ತೋಳು ಅಳೆಯುತ್ತಿದ್ದರು. ಕಾಲೇಜು ಮುಗಿಯುವವರೆಗೂ ಉಡುಪಿಯ ಆ ಸೆಕೆಯಲ್ಲಿ ನಾನು ಉದ್ದ ತೋಳಿನ ಚೂಡಿದಾರವನ್ನೇ ಹಾಕುತ್ತಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಇದನ್ನು ಅಮ್ಮನಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ. ಮಗಳು ಮಲಗಿದ ಮೇಲೆ. "ನನಗೂ ಬೇಜಾರಾಗ್ತಿತ್ತು ಮಗಾ" ಅಂದರು ಅಮ್ಮ. "ಮಗಳಿಗೆ ಎಂತದೂ ಕೊಡುವುದಿಲ್ವಾ ಅಂತ ನನ್ನನ್ನೇ ಕೇಳ್ತಿದ್ರಲ್ಲ. ಅತ್ತೆಯ ಎದುರು ನಾನು ಎಂತ ಹೇಳ್ಲಿಕ್ಕೆ ಆಗ್ತಿತ್ತು?" ಇಷ್ಟು ವರ್ಷದಲ್ಲಿ ಈ ಮಾತು ನಮ್ಮಿಬ್ಬರ ನಡುವೆ ಬಂದದ್ದು ಇದೇ ಮೊದಲು. ಮುಂದಿನ ಭಾನುವಾರದಿಂದ ದೊಡ್ಡಮ್ಮನಿಗೆ ತಾನೇ ಹೇಳುತ್ತೇನೆ ಅಂದಿದ್ದಾರೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇವೆ. ಮೊಮ್ಮಗಳಿಗೆ ರಾಗಿ ಮಣ್ಣಿ ಮಾಡುತ್ತಾರಂತೆ, ರಾಗಿ ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಾಲು ಸೋಸಿ, ಬೆಲ್ಲ ಹಾಕಿ. ಧಾರಾಳವಾಗಿ ಮಾಡಲಿ, ನನಗೂ ಅದು ಇಷ್ಟ. ಆದರೆ ತಟ್ಟೆಯಲ್ಲಿ ಎಷ್ಟು ಉಳಿಯಿತು ಅಂತ ಯಾರೂ ನೋಡುವುದು ಬೇಡ, ಅದನ್ನು ಈಗಲೇ ಹೇಳಿಟ್ಟಿದ್ದೇನೆ.