ಮೇಸ್ತ್ರಿ ಜೊತೆ ನಡೆದ ಆ ಬುಧವಾರ

2020ರ ಜನವರಿ 29, ಬುಧವಾರ. ಬೆಳಿಗ್ಗೆ ಎಂಟಕ್ಕೇ ಮೇಸ್ತ್ರಿ ಎಕ್ಸ್‌ಚೇಂಜ್ ಗೇಟಿನ ಹತ್ತಿರ ನಿಂತಿದ್ದರು. ಹೆಗಲಲ್ಲಿ ಟೂಲ್ ಬ್ಯಾಗ್ ಇರಲಿಲ್ಲ. ಬ್ಯಾಗ್ ಇಲ್ಲದ ಮೇಸ್ತ್ರಿಯನ್ನು ನಾನು ನೋಡಿದ್ದು ಅದೇ ಮೊದಲು.

"ಇವತ್ತು ಕಂಪ್ಲೇಂಟ್ ಹುಡುಗರು ನೋಡ್ಕೊಳ್ಳಲಿ ಸಾರ್. ನಾವಿಬ್ರೂ ನಡೆಯೋಣ. ನಾಡಿದ್ದು ಆದ್ಮೇಲೆ ನಿಮಗೆ ಯಾರು ತೋರಿಸ್ತಾರೆ?" ಅಂದರು.

ನಾಡಿದ್ದು ಅಂದರೆ ಜನವರಿ 31. ಆ ಒಂದೇ ದಿನ ಬಿಎಸ್‌ಎನ್‌ಎಲ್‌ನಿಂದ ದೇಶದ ಉದ್ದಗಲಕ್ಕೂ 78,569 ಜನ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಟರು. ಒಟ್ಟು ಇದ್ದವರು ಸುಮಾರು 1.53 ಲಕ್ಷ. ಅರ್ಧಕ್ಕಿಂತ ಜಾಸ್ತಿ ಜನ ಶುಕ್ರವಾರ ಸಂಜೆ ಮನೆಗೆ ಹೋದವರು ಸೋಮವಾರ ವಾಪಸ್ ಬರಲಿಲ್ಲ.

ನಾನು ಆಗ ಮಲ್ಲೇಶ್ವರದ ಕಡೆ ಔಟ್‌ಡೋರ್ ಕೆಲಸ ನೋಡಿಕೊಳ್ಳುತ್ತಿದ್ದ ಜೆಟಿಒ, ಅಂದರೆ ಜೂನಿಯರ್ ಟೆಲಿಕಾಂ ಆಫೀಸರ್. ವಯಸ್ಸು 44. ಯೋಜನೆ ಇದ್ದದ್ದು 50 ತುಂಬಿದವರಿಗೆ. ಹಾಗಾಗಿ ಹೋಗೋದಾ ಇರೋದಾ ಅನ್ನುವ ಪ್ರಶ್ನೆ ನನ್ನ ಮುಂದೆ ಬರಲೇ ಇಲ್ಲ. ನಾನು ಉಳಿದವನು. ಇದು ಉಳಿದವನ ಕಡೆಯ ಕಥೆ.

ಮೇಸ್ತ್ರಿ ಅನ್ನೋದು ಅವರ ಹುದ್ದೆಯಲ್ಲ. ಕೇಬಲ್ ಜಾಯಿಂಟ್ ಮಾಡುವ ಕೆಲಸ ಅವರದ್ದು. ನಾವೆಲ್ಲ ಮೇಸ್ತ್ರಿ ಅಂತಲೇ ಕರೆಯುತ್ತಿದ್ದೆವು. 1983ರಲ್ಲಿ ಟೆಲಿಫೋನ್ ಇಲಾಖೆಗೆ ದಿನಗೂಲಿ ಮಜ್ದೂರ್ ಆಗಿ ಸೇರಿ, ಗುಂಡಿ ತೋಡುತ್ತಾ ತೋಡುತ್ತಾ ಜಾಯಿಂಟಿಂಗ್ ಕಲಿತು, ಆಮೇಲೆ ಕಾಯಂ ಆದವರು. ಆಗೆಲ್ಲ ಮನೆಗೆ ಫೋನ್ ಬರಬೇಕು ಅಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಫೋನ್ ಹಾಕೋಕೆ ಬಂದ ದಿನ ಜನ ಪಾಯಸ ಮಾಡಿ ಕೊಡುತ್ತಿದ್ದರಂತೆ. 2000ದ ಅಕ್ಟೋಬರ್ 1ಕ್ಕೆ ಇಲಾಖೆ ಹೋಗಿ ಕಂಪನಿ ಆಯಿತು. ಮೇಸ್ತ್ರಿ ಮಾತ್ರ ಕೊನೆಯವರೆಗೂ "ನಮ್ಮ ಡಿಪಾರ್ಟ್‌ಮೆಂಟ್" ಅಂತಲೇ ಹೇಳುತ್ತಿದ್ದರು.

2019ರ ನವೆಂಬರ್ 4ಕ್ಕೆ ಅರ್ಜಿ ಹಾಕೋಕೆ ಶುರುವಾಯಿತು. ಡಿಸೆಂಬರ್ 3 ಕೊನೆ. ಒಂದು ತಿಂಗಳು ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಕ್ಯಾಲ್ಕುಲೇಟರ್. ಮುಗಿಸಿದ ಪ್ರತಿ ವರ್ಷದ ಸರ್ವಿಸ್‌ಗೆ 35 ದಿನದ ಸಂಬಳ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಗುಜರಾತ್ ಮಾದರಿ ಅಂತ ಇದಕ್ಕೆ ಹೆಸರು. ಮೇಲೊಂದು ಮಿತಿ ಬೇರೆ ಇತ್ತು. ಹಾಗಾಗಿ ಕೆಲವೇ ವರ್ಷ ಉಳಿದವರಿಗೆ ಕಾಗದದ ಮೇಲೆ ಕಂಡಷ್ಟು ದುಡ್ಡು ಕೈಗೆ ಬರುತ್ತಿರಲಿಲ್ಲ. ಹಳಬರಿಗೆ ಪೆನ್ಷನ್ ಹೇಗೂ ಇತ್ತು.

ಮೇಸ್ತ್ರಿ ಒಂದು ಮದುವೆ ಕಾಗದದ ಕವರ್ ತಂದು ನನ್ನ ಟೇಬಲ್ ಮೇಲಿಟ್ಟು, "ಹಿಂದ್ಗಡೆ ಬರೆದು ಲೆಕ್ಕ ಹಾಕಿಕೊಡಿ ಸಾರ್" ಅಂದಿದ್ದರು. ಅವರಿಗೆ 57. ಎರಡೂವರೆ ವರ್ಷ ಉಳಿದಿತ್ತು. ಲೆಕ್ಕ ಹಾಕಿದೆ. ಇದ್ದರೂ ಅಷ್ಟೇ, ಹೋದರೂ ಹೆಚ್ಚು ಕಮ್ಮಿ ಅಷ್ಟೇ. "ಇರಿ ಮೇಸ್ತ್ರಿ, ನಷ್ಟ ಏನಿಲ್ಲ" ಅಂದೆ. ಅವರು ಕವರ್ ಮಡಚಿ ಜೇಬಿಗೆ ಹಾಕಿಕೊಂಡು ಸುಮ್ನೆ ಹೋದರು. ನಿವೃತ್ತಿ ವಯಸ್ಸು 60ರಿಂದ 58ಕ್ಕೆ ಇಳಿಸುತ್ತಾರೆ ಅನ್ನುವ ಗಾಳಿಮಾತು ಆಗ ಎಲ್ಲರ ಕಿವಿಗೂ ಬಿದ್ದಿತ್ತು. ಎಲ್ಲೋ ದೂರಕ್ಕೆ ವರ್ಗ ಮಾಡುತ್ತಾರೆ ಅನ್ನೋದು ಇನ್ನೊಂದು. ಯಾವುದಕ್ಕೂ ಕಾಗದ ಇರಲಿಲ್ಲ. ಆದರೆ ಮನೆಯಲ್ಲಿ ಮಗನ ಓದಿನ ಸಾಲ ಇರುವವನಿಗೆ ಗಾಳಿಮಾತೂ ಭಾರವೇ ಅಲ್ವಾ? ವಾರದ ಮೇಲೆ ಬಂದು, "ಒತ್ತಿಬಿಟ್ಟೆ ಸಾರ್" ಅಂದರು. ಅರ್ಜಿ ಆನ್‌ಲೈನಿನಲ್ಲಿ ಇತ್ತು. 36 ವರ್ಷದ ಕೆಲಸ ಒಂದು ಬಟನ್ ಒತ್ತೋದರಲ್ಲಿ ಮುಗಿದಿತ್ತು.

ಆ ಬುಧವಾರ ನಾವು ಮಾರ್ಗೋಸಾ ರಸ್ತೆಯಿಂದ ನಡಿಗೆ ಶುರು ಮಾಡಿದೆವು. ನನ್ನ ಕೈಯಲ್ಲಿ ನೋಟ್‌ಬುಕ್, ಅಳತೆ ಟೇಪ್. ಆಫೀಸಿನಲ್ಲಿ ಕೇಬಲ್ ನಕ್ಷೆ ಇತ್ತು, ಇಲ್ಲ ಅಂತಲ್ಲ. ಆದರೆ ಅದು ಕೇಬಲ್ ಹಾಕಿದಾಗಿನ ನಕ್ಷೆ. ಆಮೇಲೆ ರಸ್ತೆ ಅಗಲ ಆಯಿತು, ನೀರಿನ ಪೈಪ್ ಬಂತು, ಚರಂಡಿ ಬಂತು, ಫುಟ್‌ಪಾತ್ ಮೂರು ಸಲ ಎದ್ದು ಮೂರು ಸಲ ಕೂತಿತು. ಪ್ರತಿ ಸಲವೂ ಯಾರೋ ಅಗೆದಾಗ ಕೇಬಲ್ ತುಂಡಾಗುತ್ತಿತ್ತು. ಮೇಸ್ತ್ರಿ ರಾತ್ರಿಯೆಲ್ಲ ಗುಂಡಿಯಲ್ಲಿ ಕೂತು, ಇದ್ದ ಜಾಗದಲ್ಲಿ ಎಡಕ್ಕೋ ಬಲಕ್ಕೋ ಸುತ್ತಿಸಿ ಜೋಡಿಸಿ ಬರುತ್ತಿದ್ದರು. ಆ ಸುತ್ತು ನಕ್ಷೆಗೆ ಏರಲಿಲ್ಲ. ಅವರ ತಲೆಯಲ್ಲೇ ಉಳಿಯಿತು.

ಮೊದಲ ಪಿಲ್ಲರ್ ಹೂವಿನವಳ ಬುಟ್ಟಿ ಹಿಂದೆ. ಪಿಲ್ಲರ್ ಅಂದರೆ ರಸ್ತೆ ಬದಿಯಲ್ಲಿ ನಿಂತಿರುವ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಎಕ್ಸ್‌ಚೇಂಜಿನಿಂದ ಬಂದ ದೊಡ್ಡ ಕೇಬಲ್ ಅಲ್ಲಿ ಬಿಚ್ಚಿಕೊಂಡು ಮನೆಗಳ ಕಡೆಯ ಡಿಪಿ ಅನ್ನುವ ಸಣ್ಣ ಪೆಟ್ಟಿಗೆಗಳಿಗೆ ಹಂಚಿಹೋಗುತ್ತದೆ. ಬೀಗ ತುಕ್ಕು ಹಿಡಿದಿತ್ತು. ಮೇಸ್ತ್ರಿ ಬಾಗಿಲಿನ ಕೆಳಗಡೆ ಮಂಡಿಯಿಂದ ಮೆಲ್ಲಗೆ ಗುದ್ದಿದರು. ತೆಗೆದುಕೊಂಡಿತು. "ಕೀ ಬೇಡ ಇದಕ್ಕೆ. ಬರ್ಕೊಳಿ ಸಾರ್." ಬರೆದುಕೊಂಡೆ.

ಒಳಗೆ ನೂರಾರು ತಂತಿ. ಕೇಬಲ್ ಒಳಗೆ ಜೋಡಿಗಳು ಬಣ್ಣದ ಲೆಕ್ಕದಲ್ಲಿ ಇರುತ್ತವೆ. ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು, ಬಿಳಿ-ಕಂದು, ಬಿಳಿ-ಬೂದು. ಅದಾದ ಮೇಲೆ ಕೆಂಪಿನದ್ದು ಶುರು. ಇದು ಪುಸ್ತಕದಲ್ಲಿ ಇರೋದು, ನನಗೂ ಗೊತ್ತಿತ್ತು. ಮೇಸ್ತ್ರಿ ಒಂದು ಗೊಂಚಲು ಹಿಡಿದು, "ಇವು ಇಪ್ಪತ್ತು ಜೋಡಿ ಸತ್ತಿವೆ. ಮುಂದೆ ಜಾಯಿಂಟ್‌ನಲ್ಲಿ ನೀರು ಕೂತಿದೆ. ಇವಕ್ಕೆ ಯಾರ ಮನೆ ಲೈನೂ ಕೊಡಬೇಡಿ" ಅಂದರು. ಇದು ಯಾವ ಪುಸ್ತಕದಲ್ಲಿ ಸಿಗಬೇಕು?

ಅವರ ಕೈ ನೋಡಿದೆ. ನೀರು ಇಳಿಯದಿರಲಿ ಅಂತ ಕೇಬಲ್ ಒಳಗೆ ಜೆಲ್ಲಿ ತುಂಬಿರುತ್ತಾರೆ. ಒಂದು ಸಲ ಅಂಟಿದರೆ ಸೋಪಿಗೆ ಬಗ್ಗೋದಿಲ್ಲ, ಸೀಮೆಎಣ್ಣೆಯೇ ಬೇಕು. ವರ್ಷಾನುಗಟ್ಟಲೆ ಸೀಮೆಎಣ್ಣೆಯಲ್ಲಿ ತೊಳೆದ ಕೈ ಅದು. ಚರ್ಮ ಕಾಗದದ ಹಾಗೆ ಬೆಳ್ಳಗಾಗಿತ್ತು. ಹೆಬ್ಬೆರಳಿನ ಉಗುರು ಮಾತ್ರ ದಪ್ಪ. ತಂತಿಯ ಸಿಪ್ಪೆ ಬಿಡಿಸೋಕೆ ಅವರು ಕಟರ್ ಬಳಸುತ್ತಲೇ ಇರಲಿಲ್ಲ.

ಅಲ್ಲಿಂದ ಮುಂದೆ ಒಂದು ಹೊಂಗೆ ಮರ. "ಇಲ್ಲಿಂದ ಹನ್ನೊಂದು ಹೆಜ್ಜೆಗೆ ಜಾಯಿಂಟ್ ಇದೆ. ನನ್ನ ಹೆಜ್ಜೆ ಸಾರ್, ನಿಮ್ಮದಲ್ಲ" ಅಂದರು. ನಾನು ಉದ್ದ, ಅವರು ಕುಳ್ಳು. ಅವರು ಒಂದು ಹೆಜ್ಜೆ ಇಟ್ಟು ನಿಂತರು. ನಾನು ಬಗ್ಗಿ ಟೇಪ್ ಹಿಡಿದೆ. ಎರಡೂಕಾಲು ಅಡಿ. ಹೂವಿನವಳು ನಮ್ಮನ್ನೇ ನೋಡುತ್ತಿದ್ದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ: ಮೇಸ್ತ್ರಿ ಹೆಜ್ಜೆ, ಎರಡೂಕಾಲು ಅಡಿ.

ಮೀಟರ್ ಇಲ್ವಾ ಅಂತ ನೀವು ಕೇಳಬಹುದು. ಇದೆ. ಕೇಬಲ್ಲಿಗೆ ಹಚ್ಚಿದರೆ ಇಷ್ಟು ಮೀಟರ್ ದೂರದಲ್ಲಿ ಕೆಟ್ಟಿದೆ ಅಂತ ತೋರಿಸುತ್ತದೆ. ಆದರೆ ಅದು ತಂತಿಯ ದೂರ, ರಸ್ತೆಯ ದೂರ ಅಲ್ಲ. ಮುಂದೆ ಬೇಕಾದೀತು ಅಂತ ಗುಂಡಿಯೊಳಗೆ ಸುತ್ತಿಟ್ಟ ಕೇಬಲ್ ಇರುತ್ತದೆ. ಮರದ ಬೇರು ಬಳಸಿ ಹೋದ ಕಡೆ ಇರುತ್ತದೆ. ಮೀಟರ್ 340 ಅಂದರೆ ನೀವು ರಸ್ತೆಯಲ್ಲಿ 340 ನಡೆದು ಅಗೆದರೆ ಸಿಗೋದು ಬರೀ ಮಣ್ಣು. ಎಲ್ಲಿ ಎಷ್ಟು ಸುತ್ತಿದೆ ಅನ್ನೋದು ಸುತ್ತಿಟ್ಟವನಿಗೇ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಎಂಟನೇ ಕ್ರಾಸಿನಿಂದ ಹದಿನೈದನೇ ಕ್ರಾಸಿನವರೆಗೆ ಆಗಿತ್ತು. 14 ಪುಟ ತುಂಬಿತ್ತು. ಸಂಪಿಗೆ ರಸ್ತೆಯಲ್ಲಿ ನಿಂತು ಕಾಫಿ ಕುಡಿದೆವು. ಅದರಾಚೆ, ಸ್ಯಾಂಕಿ ಕೆರೆ ಕಡೆಯದ್ದು ಉಳಿದಿತ್ತು. "ಅದು ನಾಳೆ ಸಾರ್" ಅಂದರು.

ನಾಳೆ ಆಗಲಿಲ್ಲ. ಗುರುವಾರ ಪೂರ್ತಿ ಅವರು ಟೂಲ್ ಒಪ್ಪಿಸೋದು, ಐಡಿ ಕಾರ್ಡ್ ಕೊಡೋದು, ಸಹಿ ಹಾಕೋದು ಇದರಲ್ಲೇ ಇದ್ದರು. ಅವರಂತೆ ಇನ್ನೂ ಹದಿನೈದು ಜನ. ಶುಕ್ರವಾರ ಹಾರ, ಶಾಲು, ಮೈಸೂರು ಪಾಕು. ಒಬ್ಬೊಬ್ಬರಿಗೆ ಬೇರೆ ಬೇರೆ ಬೀಳ್ಕೊಡುಗೆ ಮಾಡೋಕೆ ಸಮಯ ಎಲ್ಲಿತ್ತು? ಹದಿನಾರು ಕುರ್ಚಿ ಸಾಲಾಗಿ ಹಾಕಿ ಎಲ್ಲರಿಗೂ ಒಟ್ಟಿಗೇ ಶಾಲು ಹೊದಿಸಿದೆವು. ಮಾತಾಡಿ ಅಂದರೆ ಮೇಸ್ತ್ರಿ ಎದ್ದು ನಿಂತು ಕೈ ಮುಗಿದು ಕೂತುಬಿಟ್ಟರು.

ಸೋಮವಾರ ನಮ್ಮ ಆಫೀಸಿನಲ್ಲಿ 27 ಜನರ ಜಾಗದಲ್ಲಿ 11 ಜನ ಇದ್ದೆವು. ಹಾಜರಿ ಪುಸ್ತಕದಲ್ಲಿ ಒಂದು ಪುಟಕ್ಕೆ ಎಲ್ಲರೂ ಹಿಡಿಸಿದರು.

2025ರ ಜನವರಿ ಕೊನೆಯಲ್ಲಿ ಅಮೆರಿಕದ ಸುದ್ದಿ ಓದುವಾಗ ಇದೆಲ್ಲ ಮತ್ತೆ ಎದ್ದು ಬಂತು. ಅಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಒಂದು ಇಮೇಲ್ ಹೋಯಿತು. ಈಗ ರಾಜೀನಾಮೆಗೆ ಒಪ್ಪಿದರೆ ಸೆಪ್ಟೆಂಬರ್ 30ರವರೆಗೆ ಸಂಬಳ ಬರುತ್ತದೆ, ಯೋಚಿಸಿ ಅಂತ. ಮೊದಲು ಕೊಟ್ಟ ಗಡುವು ಹತ್ತು ದಿನವೂ ಇರಲಿಲ್ಲ, ಆಮೇಲೆ ಸ್ವಲ್ಪ ಮುಂದಕ್ಕೆ ಹಾಕಿದರು. ಆ ಮೊದಲ ಸುತ್ತಿನಲ್ಲಿ ಒಪ್ಪಿದವರು ಸುಮಾರು 75,000. ನಮ್ಮಲ್ಲಿ ಹೋದವರ ಸಂಖ್ಯೆಗೆ ಎಷ್ಟು ಹತ್ತಿರ ನೋಡಿ. ಅಲ್ಲಿ ಅದು 20 ಲಕ್ಷಕ್ಕೂ ಜಾಸ್ತಿ ಜನರಲ್ಲಿ 75,000. ನಮ್ಮದು ಒಂದೂವರೆ ಲಕ್ಷದಲ್ಲಿ. ಆದರೆ ಆ ಸುದ್ದಿಯಲ್ಲಿ ನನಗೆ ಕಂಡಿದ್ದು ಸಂಖ್ಯೆ ಅಲ್ಲ. ಅಲ್ಲೂ ಯಾರೋ ಒಬ್ಬ ಮೇಸ್ತ್ರಿ ಇರಬೇಕು, ಅವನ ಪಕ್ಕದ ಟೇಬಲ್ಲಿನಲ್ಲಿ ನನ್ನಂಥವನೊಬ್ಬ ನೋಟ್‌ಬುಕ್ ಹುಡುಕುತ್ತಿರಬೇಕು ಅನ್ನಿಸಿತು.

ಯೋಜನೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಗ ಬಿಎಸ್‌ಎನ್‌ಎಲ್ ಆದಾಯದ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುತ್ತಿತ್ತು. ಹಾಗೆ ಯಾವ ಸಂಸ್ಥೆ ಎಷ್ಟು ದಿನ ನಡೆದೀತು? ಕೇಂದ್ರ ಸರ್ಕಾರ ನಮಗೂ ದೆಹಲಿ-ಮುಂಬೈನ ಎಂಟಿಎನ್‌ಎಲ್‌ಗೂ ಸೇರಿಸಿ ಸುಮಾರು 69,000 ಕೋಟಿಯ ಪ್ಯಾಕೇಜ್ ಕೊಟ್ಟಿತು, ಅದರಲ್ಲಿ 4ಜಿ ತರಂಗಾಂತರವೂ ಇತ್ತು. ಹೋದವರಲ್ಲಿ ಎಷ್ಟೋ ಜನ ಖುಷಿಯಿಂದಲೇ ಹೋದರು, ಮನೆ ಕಟ್ಟಿಸಿದರು, ಮಕ್ಕಳ ಮದುವೆ ಮಾಡಿದರು. ನನ್ನ ನೋವು ಬೇರೆ. ಎಲ್ಲೇ ಆಗಲಿ, ಜನರನ್ನು ಕಳಿಸುವಾಗ ವಯಸ್ಸು ಲೆಕ್ಕಕ್ಕೆ ಬರುತ್ತದೆ, ಸರ್ವಿಸ್ ಬರುತ್ತದೆ, ಸಂಬಳ ಬರುತ್ತದೆ. ಈ ಮನುಷ್ಯನಿಗೊಬ್ಬನಿಗೇ ಗೊತ್ತಿರೋದು ಏನೇನು ಅನ್ನೋದು ಬರೋದಿಲ್ಲ. ಅದನ್ನು ಕೇಳಿ ಬರೆದಿಟ್ಟುಕೊಳ್ಳೋಕೆ ಆರು ತಿಂಗಳು ಕೊಟ್ಟಿದ್ದರೆ ಸಾಕಿತ್ತು. ಮೇಸ್ತ್ರಿ ತಾವಾಗಿ ಒಂದು ದಿನ ಕೊಟ್ಟರು.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ವರ್ಷಗಟ್ಟಲೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಲ್ಯಾಂಡ್‌ಲೈನ್ ಎಲ್ಲರಿಗೂ ಬೇಕಾಯಿತು. ಮನೆಯಿಂದ ಕೆಲಸ, ಮಕ್ಕಳ ಪಾಠ, ಎಲ್ಲದಕ್ಕೂ ಬ್ರಾಡ್‌ಬ್ಯಾಂಡ್. ಏಪ್ರಿಲ್‌ನಲ್ಲಿ ಒಂದು ರಾತ್ರಿ ಮಾವಿನ ಮಳೆ ಜೋರಾಗಿ ಹೊಡೆಯಿತು. ಬೆಳಿಗ್ಗೆ ನೋಡಿದರೆ ಸ್ಯಾಂಕಿ ಕಡೆಯ ಒಂದು 50 ಜೋಡಿ ಕೇಬಲ್ ಪೂರ್ತಿ ಮಲಗಿತ್ತು. ಒಂದು ಮೆಡಿಕಲ್ ಸ್ಟೋರ್, ಮೊಬೈಲ್ ಬಳಸೋಕೆ ಬಾರದ ಇಬ್ಬರು ವಯಸ್ಸಾದವರು, ಉಳಿದ ಮನೆಗಳು. ನಾವು ನಡೆಯದೆ ಬಿಟ್ಟ ಜಾಗವೇ ಅದು. ನೋಟ್‌ಬುಕ್ಕಿನಲ್ಲಿ ಖಾಲಿ ಪುಟ.

ಪಾಸ್ ಹಿಡಿದುಕೊಂಡು ಇಬ್ಬರು ಗುತ್ತಿಗೆ ಹುಡುಗರ ಜೊತೆ ಹೋದೆ. ಚುರುಕು ಹುಡುಗರು. ಅವರಿಗೆ ಗೊತ್ತಿಲ್ಲ ಅಂದರೆ ಅದು ಅವರ ತಪ್ಪಲ್ಲ, ಯಾರೂ ತೋರಿಸಿರಲಿಲ್ಲ ಅಷ್ಟೇ. ಮೀಟರ್ ಹೇಳಿದ ಕಡೆ ಅಗೆದರು. ಮಣ್ಣು. ಸ್ವಲ್ಪ ಆಚೆ ಅಗೆದರು. ಚರಂಡಿ ಕಲ್ಲು.

ಮೇಸ್ತ್ರಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಮಾಗಡಿ ಹತ್ತಿರದ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹಿಂದೆ ಹಸು ಕಾಣುತ್ತಿತ್ತು. "ಫೋನ್ ತಿರುಗಿಸಿ ಸಾರ್. ಇನ್ನೂ ಎಡಕ್ಕೆ. ಆ ಸೂರ್ಯನ ಗ್ರಿಲ್ ಗೇಟ್ ಇದೆಯಲ್ಲ, ನಿಲ್ಲಿ, ನಿಲ್ಲಿ." ಹಳೇ ಮನೆಯ ಗೇಟು. ಸೂರ್ಯನ ಕಿರಣದ ಹಾಗೆ ಕಬ್ಬಿಣದ ಕಂಬಿಗಳು. "ಆ ಗೇಟಿನ ಬಲಗಂಬದಿಂದ ಕೆರೆ ಕಡೆಗೆ ಏಳು ಹೆಜ್ಜೆ. ಗೋಡೆಗೆ ಅಂಟಿಕೊಂಡೇ ಇದೆ."

ಏಳು ಎರಡೂಕಾಲ, ಹದಿನೈದು ಮುಕ್ಕಾಲು ಅಡಿ. ಟೇಪ್ ಹಿಡಿದು ಗುರುತು ಹಾಕಿದೆ. ಮೂರಡಿ ಕೆಳಗೆ ಹಾರೆಗೆ ಕೇಬಲ್ ತಾಗಿತು. ಜಾಯಿಂಟ್ ಬಿಚ್ಚಿದರೆ ಲೋಟದಷ್ಟು ನೀರು ಸುರಿಯಿತು.

ಮತ್ತೆ ಜೋಡಿಸುವಾಗ ಮೂರು ಗಂಟೆ ದಾಟಿತ್ತು. ಅಷ್ಟು ಹೊತ್ತೂ ಮೇಸ್ತ್ರಿ ಫೋನ್ ಇಡಲಿಲ್ಲ. ಹುಡುಗ ಒಂದೊಂದೇ ಬಣ್ಣ ಹೇಳುತ್ತಿದ್ದ, ಅವರು ಆ ಕಡೆಯಿಂದ ಹ್ಞೂಂ ಅನ್ನುತ್ತಿದ್ದರು. ಕೊನೆಗೆ ಟೆಸ್ಟ್ ಫೋನ್ ಸಿಕ್ಕಿಸಿದೆ. ಟೋನ್ ಬಂತು.

"ಬಂತು ಮೇಸ್ತ್ರಿ" ಅಂದೆ.

"ನನಗೂ ಕೇಳಿಸಿ ಸಾರ್."

ಟೆಸ್ಟ್ ಫೋನನ್ನು ಮೊಬೈಲಿಗೆ ಹತ್ತಿರ ಹಿಡಿದೆ. ಅವರು ಪರದೆಗೆ ಕಿವಿ ಕೊಟ್ಟರು. ಬರೀ ಕಿವಿ, ಒಂದಿಷ್ಟು ಬಿಳಿ ಕೂದಲು ಕಾಣುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದರು.

"ಗುಂಡಿ ಇವತ್ತೇ ಮುಚ್ಚಿಸಿಬಿಡಿ ಸಾರ್," ಅಂದರು. "ಇಲ್ಲಿ ಮೋಡ ಕಟ್ಟಿದೆ. ಸಂಜೆಗೆ ನಿಮ್ಮ ಕಡೆಗೂ ಬರುತ್ತೆ."